ಗಂಗವ್ವನ ಮರಿಗಳೂ ನನ್ನ ಸ್ಟಾರ್ಟರೂ

ತಿಳಿಯದವನಿಗೆ ಒಂದು ಅನುಕೂಲವಿದೆ, ಕೇಳಿ ತಿಳಿದುಕೊಳ್ಳಬಹುದು. ವಿಜ್ಞಾನದ ಮಾಸ್ತರನಿಗೆ ಆ ಅನುಕೂಲವಿಲ್ಲ. ಹಿರೇಕೆರೂರಿನಲ್ಲಿ ವರ್ಷಾನುಗಟ್ಟಲೆ ವಿದ್ಯುತ್ತಿನ ಪಾಠ ಹೇಳಿದ ನಾನು, ಮನೆಯ ಫ್ಯೂಸು ಹೋದರೆ ಮೇಣದಬತ್ತಿ ಹಿಡಿದು ಗಂಭೀರವಾಗಿ ನಿಲ್ಲುತ್ತಿದ್ದೆನೇ ಹೊರತು ತಂತಿ ಮುಟ್ಟುತ್ತಿರಲಿಲ್ಲ. ಎಂಬತ್ತರ ದಶಕದ ಈ ಸಂಗತಿ ಹೇಳಲು ಇಂದಿಗೂ ನಾಚಿಕೆಯಾಗುತ್ತದೆ.

ಹಿತ್ತಲ ಬಾವಿಯಿಂದ ನೀರು ಸೇದಿ ಸೇದಿ ನನ್ನ ಹೆಂಡತಿಯ ಅಂಗೈ ದಡ್ಡುಗಟ್ಟಿತ್ತು. ಯಲವಿಗಿಯಲ್ಲಿದ್ದ ಅವಳ ಅಣ್ಣ ತನ್ನ ಹೊಲದ ಹಳೆಯ ಐದು ಎಚ್‌ಪಿ ಮೋಟಾರನ್ನು ಪ್ರೀತಿಯಿಂದ ಕೊಟ್ಟ. ಎರಡು ಹಂಡೆ, ಒಂದು ತೊಟ್ಟಿಗೆ ಐದು ಎಚ್‌ಪಿ ಎಂದರೆ ಹಿಡಿ ಶೇಂಗಾ ಹುರಿಯಲು ಇಟ್ಟಿಗೆ ಭಟ್ಟಿ ಹಚ್ಚಿದಂತೆ. ಆದರೆ ಪುಕ್ಕಟೆ ಬಂದದ್ದು! ಜೋಡಿಸಲು ಬಂದವನು ವೈರ್‌ಮನ್ ಹಜರೇಸಾಬ.

"ಮಾಸ್ತರ, ಇದಕ್ಕ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಸ್ರಿ. ಹಿಡಕಿ ಮೊದ್ಲ ಒಂದ ಕಡೆ ಒತ್ತಿದ್ರ ಮೋಟಾರ್ ಮೆತ್ತಗ ಏಳತೈತಿ, ವೇಗ ಹಿಡದ ಮ್ಯಾಲ ಇನ್ನೊಂದ ಕಡೆ ಒತ್ತೂದು. ಡೈರೆಕ್ಟ್ ಹಾಕಿದ್ರ ಒಮ್ಮೆಲೇ ಕರೆಂಟ್ ಜಗ್ಗತೈತಿ. ನಮ್ಮ ಓಣಿ ಲೈನಿಗೆ ಅಷ್ಟ ತಾಕತ್ತಿಲ್ರಿ."

ಸ್ಟಾರ್-ಡೆಲ್ಟಾ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಆದ್ದರಿಂದ ದನಿ ಏರಿಸಿದೆ. "ನನಗ ಪಾಠ ಹೇಳ್ತೀಯೇನ್ ಸಾಬ? ಹಸಿರ ಗುಂಡಿ ಒಂದು, ಕೆಂಪ ಗುಂಡಿ ಒಂದು ಇದ್ರ ಸಾಕು. ಡೈರೆಕ್ಟ್ ಹಾಕು."

ಮಾಗಿಯ ಚಳಿ. ಬೆಳಗ್ಗೆ ಆರಕ್ಕೆ ಹಸಿರು ಗುಂಡಿ ಒತ್ತಿದೆ. ಮೋಟಾರು ಗೂಳಿಯಂತೆ ಗುಟುರು ಹಾಕಿತು, ಕಂಬದ ಮೇಲೆ ಟಪ್ ಎಂದಿತು, ಓಣಿಯ ದೀಪಗಳೆಲ್ಲ ಆರಿದವು. ಪಕ್ಕದ ಮನೆಯ ಗಂಗವ್ವ ರಟ್ಟಿನ ಡಬ್ಬಿಯಲ್ಲಿ ಕಾವಿಗೆ ಬಲ್ಬು ಉರಿಸಿ ಕೋಳಿಮರಿ ಸಾಕಿದ್ದಳು. ಆ ಒಂಟಿ ಹೆಂಗಸಿನ ಹೊಟ್ಟೆಪಾಡು ಅದೇ. ಲೈನ್‌ಮನ್ ಫಕ್ಕೀರಪ್ಪ ಬಂದು ಕಂಬದ ಫ್ಯೂಸು ಕಟ್ಟುವಾಗ ಹತ್ತು ಗಂಟೆ. ಗಂಗವ್ವ ಸೆರಗಿನಲ್ಲಿ ಆರು ಮರಿಗಳನ್ನು ತಂದು ತೋರಿಸಿದಳು. ಸೆಟೆದುಕೊಂಡಿದ್ದವು.

"ನೋಡ್ರಿ ಮಾಸ್ತರ, ಆ ಫಕ್ಕೀರಪ್ಪ ಎಂಥಾ ಫ್ಯೂಸ್ ಕಟ್ಟಿದ್ದನೋ ಏನೋ!"

ಹೇಳಬೇಕಾದದ್ದು ಆಗ. ನಾನು ಹೇಳಲಿಲ್ಲ, ಬರೆದೆ. ಫಕ್ಕೀರಪ್ಪನ "ಅಕ್ಷಮ್ಯ ನಿರ್ಲಕ್ಷ್ಯ"ದ ಬಗ್ಗೆ ಎರಡು ಪುಟದ ಅರ್ಜಿ. ಅಕ್ಷಮ್ಯ ಎಂಬ ಪದದ ಮೇಲೆ ನನಗೆ ಮೋಹವೇ ಹುಟ್ಟಿ ಮೂರು ಕಡೆ ಹಾಕಿದೆ. ಇಡೀ ಓಣಿಯ ಸಹಿ ಹಾಕಿಸಿ ಕರೆಂಟ್ ಆಫೀಸಿಗೆ ಕೊಟ್ಟೂ ಬಂದೆ. ಮರುದಿನ ಬೆಳಗ್ಗೆ, ತಪ್ಪು ನನ್ನದಲ್ಲವೆಂದು ನನಗೆ ನಾನೇ ಸಾಬೀತು ಮಾಡಿಕೊಳ್ಳಲು ಮತ್ತೆ ಗುಂಡಿ ಒತ್ತಿದೆ. ಟಪ್. ಈ ಸಲ ಏಳು ಮರಿ.

ಹಜರೇಸಾಬನನ್ನು ಕರೆಸಿದೆ. ಅವನು ಕಂಬ ನೋಡಿದ, ನನ್ನನ್ನು ನೋಡಿದ. "ಇನ್ನರ ಆ ಹಿಡಕಿ ಸ್ಟಾರ್ಟರ್ ಹಾಕ್ಲೇನ್ರಿ?" ಎಂದಷ್ಟೇ ಕೇಳಿದ. ಹಾಕಿದ ಮೇಲೆ ಮೋಟಾರು ಚಾಪೆಯಿಂದ ಏಳುವ ಮುದುಕನಂತೆ ಸಾವಕಾಶ ಎದ್ದಿತು. ಓಣಿಯ ದೀಪಗಳು ಒಮ್ಮೆ ಕಣ್ಣು ಪಿಳುಕಿಸಿ ಸುಮ್ಮನಾದವು. ಯಾರಿಗೂ ಗೊತ್ತಾಗದೆ ಮುಗಿಯಿತು ಅಂದುಕೊಂಡೆ.

ಎರಡು ದಿನಕ್ಕೆ ಗಂಗವ್ವ ಬಂದು ಪಡಸಾಲೆಯಲ್ಲಿ ಕುಳಿತಳು. "ನಿಮ್ಮ ಅರ್ಜಿ ಕೆಲಸ ಮಾಡ್ತ್ ನೋಡ್ರಿ. ಫಕ್ಕೀರಪ್ಪನ್ನ ಕೆಲಸದಿಂದ ತಗೀತಾರಂತ. ಅವನ ಹೆಂಡ್ತಿ ಅಳಾಕತ್ತಿದ್ಲು."

ನಾನು ಹೇಳಿಯೇಬಿಟ್ಟೆ. "ಗಂಗವ್ವ, ಫ್ಯೂಸ್ ಹೋಗಿದ್ದು ನನ್ನ ಮೋಟಾರಿನಿಂದ. ಎರಡೂ ದಿನ."

ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಇಷ್ಟೇ ಅಂದಳು: "ಮೊದಲನೇ ದಿನಾನ ಹೇಳಿದ್ರ, ಡಬ್ಬಿ ಒಲಿ ಬಾಜೂಕ ಇಡ್ತಿದ್ನಲ್ರಿ. ಆ ಏಳು ಮರಿಯರ ಉಳೀತಿದ್ವು."

ಬಾಗಿಲಲ್ಲಿ ನಿಂತು ಮತ್ತೆ ಹೇಳಿದಳು: "ಇನ್ನೊಂದ ಅರ್ಜಿ ಬರೀರಿ."

ಅಂದೇ ಬರೆಯಲು ಕುಳಿತೆ. ಮೊದಲ ಅರ್ಜಿ ಅರ್ಧ ಗಂಟೆಯಲ್ಲಿ ನದಿಯಂತೆ ಹರಿದಿತ್ತು. ತಪ್ಪು ನನ್ನದೆಂಬ ಇದರ ನಾಲ್ಕು ಸಾಲಿಗೆ ಇಡೀ ಮಧ್ಯಾಹ್ನ ಹಿಡಿಯಿತು. ಆಫೀಸಿನ ಸಾಹೇಬರು ಓದಿ, ಕನ್ನಡಕದ ಮೇಲಿಂದ ನೋಡಿ, "ನೀವು ಯಾವ ವಿಷಯ ಕಲಿಸ್ತೀರಿ ಮಾಸ್ತರ?" ಎಂದು ಕೇಳಿದರು.

"ಕನ್ನಡ" ಎಂದುಬಿಟ್ಟೆ.