ಪರದೆಯ ಹುಲ್ಲು ಮತ್ತು ಬೆಳಗಿನ ಸಾವುಗಳು

ಬೆಳಗಿನ ಆರರಿಂದ ಏಳೂವರೆಯೊಳಗೆ ನಾನು ಏನಿಲ್ಲವೆಂದರೂ ಹನ್ನೊಂದು ಸಲ ಸಾಯುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ನಮ್ಮ ಓಣಿಗೆಲ್ಲ ಗೊತ್ತಿರುವ ಸಂಗತಿ. ಕಿಟಕಿಯ ಪಕ್ಕ ಕಂಪ್ಯೂಟರ್ ಇಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ‘ನಾ ಹೋದ್ನಿ, ನೀವು ನೋಡ್ಕೋರಿ’ ಎಂದು ದಿನವೂ ಹೇಳುವ ಐವತ್ತೆರಡು ವರ್ಷದ ಮನುಷ್ಯನನ್ನು ಹಾಲು ಹಾಕುವವರು ಮೊದಮೊದಲು ಗಾಬರಿಯಿಂದ ನೋಡುತ್ತಿದ್ದರು. ಈಗ ನೋಡುವುದನ್ನೂ ಬಿಟ್ಟಿದ್ದಾರೆ. ನನ್ನ ಹೆಂಡತಿ ಮಹಾದೇವಿಯದು ಒಂದೇ ತಕರಾರು. ಅಡುಗೆಮನೆಯಿಂದ ಅವಳು ಹೇಳುವುದು ಇಷ್ಟೇ: “ಚಾ ಆರಾಕತ್ತೈತ್ರಿ. ಒಮ್ಮೆ ಕುಡದು ಆಮ್ಯಾಲ ಸಾಯ್ರಿ.”

ಇದು ಕಂಪ್ಯೂಟರಿನಲ್ಲಿ ಆಡುವ ಬಂದೂಕಿನ ಆಟ. ಮೂವರ ಒಂದು ತಂಡ, ಎದುರಿಗೆ ಮೂವರ ಇನ್ನೊಂದು ತಂಡ. ಯಾರನ್ನು ಯಾರು ಮೊದಲು ಕಾಣುತ್ತಾರೋ ಅವರು ಉಳಿಯುತ್ತಾರೆ. ನಮ್ಮ ತಂಡದ ಹೆಸರು ‘ಮೂರು ತಾಲೂಕಾ’. ಹುಕ್ಕೇರಿಯ ಗಿರಿಜಾ ಟೀಚರ್ ನಾಯಕಿ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ಎದುರಾಳಿಯನ್ನು ಲೆಕ್ಕದಲ್ಲಿ ಒಂದು ಹಂತ ಬಿಡಿಸಿದಷ್ಟೇ ಶಾಂತವಾಗಿ ಹೊಡೆಯುತ್ತಾರೆ. ಮೂಡಲಗಿಯ ರಫೀಕ ಫೋಟೋ ಸ್ಟುಡಿಯೋ ಇಟ್ಟವನು, ನಮ್ಮ ಪತ್ರಿಕೆಗೆ ಆ ಕಡೆಯ ಚಿತ್ರಗಳನ್ನು ಕಳಿಸುವವನೂ ಅವನೇ. ಗೋಕಾಕದ ಪ್ರತಿನಿಧಿ ನಾನು. ಟೀಚರಿಗೆ ಶಾಲೆ, ರಫೀಕನಿಗೆ ಸ್ಟುಡಿಯೋ, ನನಗೆ ಸಂಜೆಯ ಪತ್ರಿಕೆ ಕೆಲಸ ಇರುವುದರಿಂದ ಮೂವರಿಗೂ ಹೊಂದುವ ಯುದ್ಧದ ಸಮಯ ಮುಂಜಾವು ಒಂದೇ.

ನಾನು ಇಲ್ಲಿಯ ಒಂದು ಸಣ್ಣ ದಿನಪತ್ರಿಕೆಯ ಸುದ್ದಿಮೇಜಿನಲ್ಲಿ ಇಪ್ಪತ್ತಾರು ವರ್ಷ ಕಳೆದವನು. ಇಷ್ಟು ವರ್ಷದಲ್ಲಿ ಏನನ್ನೂ ಮಾಡಿದವನಲ್ಲ, ಮಾಡಿದವರ ಬಗ್ಗೆ ಬಂದ ವರದಿಯನ್ನು ತಿದ್ದಿದವನು. ಊರಿನಲ್ಲಿ ಜಗಳವಾದರೆ ಜನ ಒಳಗೆ ನುಗ್ಗುತ್ತಾರೆ, ಇಲ್ಲವೇ ದೂರ ಓಡುತ್ತಾರೆ. ನಾನು ಬದಿಗೆ ನಿಂತು ಎಷ್ಟು ಜನ ಎಂದು ಎಣಿಸುತ್ತೇನೆ. ಬೆಳಗಿನ ಆ ಒಂದೂವರೆ ತಾಸು ಮಾತ್ರ ನಾನು ಘಟನೆಯ ಒಳಗಿರುತ್ತಿದ್ದೆ. ಹನ್ನೊಂದು ಸಲ ಸತ್ತರೂ ಸರಿಯೇ, ಒಳಗೇ ಸಾಯುತ್ತಿದ್ದೆ. ಆದ್ದರಿಂದ ತಂಡದ ಆ ಮೂರನೆಯ ಸ್ಥಾನ ನನಗೆ ಎಷ್ಟು ಮುಖ್ಯವಾಗಿತ್ತು ಎಂದು ಹೇಳಿದರೆ ವಯಸ್ಸಿಗೆ ಒಪ್ಪುವುದಿಲ್ಲ. ಆದರೂ ಹೇಳಿಬಿಡುತ್ತೇನೆ, ಬಹಳ ಮುಖ್ಯವಾಗಿತ್ತು.

ಆ ಸ್ಥಾನಕ್ಕೆ ಕುತ್ತು ಬಂದದ್ದು ಸಂಕೇಶ್ವರದ ಒಂದು ಕಂಪ್ಯೂಟರ್ ಅಂಗಡಿಯವರು ಪಂದ್ಯಾವಳಿ ಇಟ್ಟಾಗ. ಟೀಚರ್ ನಮ್ಮ ತಂಡದ ಹೆಸರು ಕೊಟ್ಟರು. ಕೊಟ್ಟ ಮೇಲೆ ಸಹಜವಾಗಿಯೇ ಯಾರು ಯಾವಾಗಲೂ ಮೊದಲು ಸಾಯುತ್ತಾರೆ ಎಂಬ ಪ್ರಶ್ನೆ ಬಂತು. ಅದೇ ಹೊತ್ತಿಗೆ ರಫೀಕನ ಹೆಂಡತಿ ಶಬಾನಾ ಬೆಳಕಿಗೆ ಬಂದಳು. ಆಕೆ ಗಂಡನ ಕುರ್ಚಿಯ ಹಿಂದೆ ನಿಂತು ‘ಎಡಕ್ಕ ಅದಾನ, ಎಡಕ್ಕ’ ಎನ್ನುವುದು ನಮಗೆಲ್ಲ ಹೆಡ್‌ಫೋನಿನಲ್ಲಿ ಕೇಳುತ್ತಲೇ ಇತ್ತು. ರಫೀಕ ಸ್ನಾನಕ್ಕೆ ಹೋದಾಗ ಒಂದೆರಡು ದಿನ ಅವನ ಬದಲು ಆಕೆಯೇ ಆಡಿದ್ದಳೆಂದೂ, ಆ ದಿನಗಳಲ್ಲಿ ನಾವು ಗೆದ್ದಿದ್ದೆವೆಂದೂ ಆಮೇಲೆ ತಿಳಿಯಿತು. ಟೀಚರ್ ನನಗೆ ನೇರವಾಗಿಯೇ ಹೇಳಿದರು: “ಸರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಗುರುವಾರ ಒಂದು ಆಟ ನೋಡೂಣು. ಅವತ್ತೂ ನೀವ ಮೊದಲ ಸತ್ರ, ರವಿವಾರ ಸಂಕೇಶ್ವರಕ್ಕ ಶಬಾನಾ ಬರ್ತಾಳ.”

ನಾನು ಬೇಸರ ಮಾಡಿಕೊಳ್ಳಲಿಲ್ಲ. ತಪ್ಪು ನನ್ನದಲ್ಲ, ಕಂಪ್ಯೂಟರಿನದು ಎಂದು ವಿವರಿಸಿದೆ. ಚಿತ್ರ ತಡೆದು ತಡೆದು ಬರುತ್ತದೆ, ನಾನು ನೋಡುವ ಹೊತ್ತಿಗೆ ಎದುರಾಳಿ ನೋಡಿ ಮುಗಿಸಿರುತ್ತಾನೆ ಎಂದೆ. ಹಾಗಿದ್ದರೆ ಸೆಟ್ಟಿಂಗ್ ಸರಿ ಮಾಡೋಣ ಎಂದು ರಫೀಕ ಮುಂದೆ ಬಂದ. ಸೋಮವಾರ ಅವನು ವೀಡಿಯೊ ಕಾಲ್ ಮಾಡಿ ನನ್ನ ಪರದೆ ನೋಡಿದ. ನಾನು ಎಲ್ಲವನ್ನೂ ‘ಅತ್ಯುತ್ತಮ’ ಎಂಬಲ್ಲಿಗೆ ಏರಿಸಿಟ್ಟಿದ್ದೆ. ಅತ್ಯುತ್ತಮ ಎಂದು ಬರೆದಿರುವಾಗ ಅದಕ್ಕಿಂತ ಕೆಳಗಿನದನ್ನು ಯಾರಾದರೂ ಯಾಕೆ ಆರಿಸಿಕೊಳ್ಳಬೇಕು?

ಅವನು ವಿವರಿಸಿದ. ಪರದೆ ಎಂದರೆ ಒಂದರ ಹಿಂದೊಂದು ಬದಲಾಗುವ ಚಿತ್ರಗಳು. ಪ್ರತಿ ಚಿತ್ರದಲ್ಲೂ ಹುಲ್ಲಿನ ಎಸಳು, ಎಲೆಯ ನೆರಳು, ನೀರಿನ ಪ್ರತಿಬಿಂಬ ಬಿಡಿಸುತ್ತ ಕುಳಿತರೆ ಯಂತ್ರ ಸೆಕೆಂಡಿಗೆ ನಲವತ್ತು ಚಿತ್ರ ಕೊಡುತ್ತದೆ. ಅವನ್ನೆಲ್ಲ ತೆಗೆದರೆ ನೂರೈವತ್ತು ಕೊಟ್ಟೀತು. ಚಿತ್ರ ಹೆಚ್ಚಿದಷ್ಟೂ ಶತ್ರು ಬೇಗ ಕಾಣುತ್ತಾನೆ. “ಮೊದಲ ಹುಲ್ಲ ತಗೀರಿ ಸರ. ಹುಲ್ಲಿನ್ಯಾಗ ಅವಾ ಕುಂತಿರ್ತಾನ, ನಿಮಗ ಕಾಣಂಗಿಲ್ಲ. ಆಮ್ಯಾಲ ನೆಳ್ಳ ತಗೀರಿ, ನೀರ ತಗೀರಿ.” ಈ ಮಾತು ಹೇಳುತ್ತಿದ್ದ ಮನುಷ್ಯನ ಹಿನ್ನೆಲೆ ಓದುಗರಿಗೆ ಗೊತ್ತಿರಬೇಕು. ಮೂಡಲಗಿಯಲ್ಲಿ ಯಾರ ಮದುವೆಯಾದರೂ ಆಲ್ಬಮ್ಮಿನಲ್ಲಿ ವಧೂವರರ ಹಿಂದೆ ಗೋಕಾಕ ಫಾಲ್ಸ್ ತಂದು ಸುರಿಸುವವನು ಇವನೇ. ಬೇಸಿಗೆಯ ಮದುವೆಗೂ ಮಳೆಗಾಲದ ಫಾಲ್ಸ್ ಹಾಕುತ್ತಾನೆ. ಒಮ್ಮೆ ವರನ ಎಡಗಿವಿಯಿಂದಲೇ ನೀರು ಧುಮುಕುತ್ತಿತ್ತು. ಅಂಥವನು ನನಗೆ ನೀರು ತೆಗೆಯಿರಿ ಎನ್ನುತ್ತಿದ್ದ.

ಹಾಗೆ ನೋಡಿದರೆ ನನ್ನ ಹಿನ್ನೆಲೆಯೂ ಅಷ್ಟು ಚೆನ್ನಾಗಿಲ್ಲ. ಇಪ್ಪತ್ತಾರು ವರ್ಷ ನಾನು ಬೇರೆಯವರ ಬರಹದಿಂದ ಹುಲ್ಲು ಕಿತ್ತವನು. ‘ಭವ್ಯ ಸಮಾರಂಭ’ದಲ್ಲಿ ಭವ್ಯ ಹೊಡೆದು ಹಾಕುತ್ತೇನೆ. ‘ಕಿಕ್ಕಿರಿದ ಜನಸಾಗರ’ ಎಂದು ಬಂದರೆ ಎಷ್ಟು ಜನ ಎಂದು ಫೋನ್ ಮಾಡಿ ಕೇಳುತ್ತೇನೆ. ಸುದ್ದಿ ಬೇಗ ಕಾಣಬೇಕು, ಉಳಿದದ್ದೆಲ್ಲ ಅಡ್ಡ ಎಂದು ಹೊಸ ವರದಿಗಾರರಿಗೆ ಪಾಠ ಹೇಳಿದ್ದೇನೆ. ಆದರೆ ನನ್ನದೇ ಪರದೆಯ ಹುಲ್ಲಿನ ಮೇಲೆ ಮೌಸ್ ಇಟ್ಟಾಗ ಬೆರಳು ಒತ್ತಲಿಲ್ಲ. ಆ ಹುಲ್ಲು ಗಾಳಿಗೆ ಒಂದೇ ಕಡೆ ವಾಲದೆ, ಒಂದೊಂದು ಎಸಳೂ ಬೇರೆ ಬೇರೆಯಾಗಿ ಅಲ್ಲಾಡುತ್ತಿತ್ತು. ಅದನ್ನು ನೋಡುತ್ತ ನಾನು ಎಷ್ಟೋ ಸಲ ಸತ್ತಿದ್ದೇನೆ. ಕೊನೆಗೆ ಕಣ್ಣು ಮುಚ್ಚಿ ಒತ್ತಿದೆ. ನೆರಳು ಹೋಯಿತು, ನೀರು ನೀಲಿ ಬಣ್ಣ ಬಳಿದ ತಗಡಾಯಿತು. ಕಾಡಿದ್ದ ಜಾಗ ಬಿಡಿಸಿಟ್ಟ ರಟ್ಟಿನ ಪೆಟ್ಟಿಗೆಯಂತೆ ಕಂಡಿತು. ಹಿಂದೆ ಬಂದು ನಿಂತ ಮಹಾದೇವಿ, “ಇದೇನ್ರಿ, ಮನಿ ಖಾಲಿ ಮಾಡ್ಯಾರೇನು?” ಎಂದಳು.

ಅಷ್ಟಾದರೂ ಚಿತ್ರದ ಓಟ ಹೆಚ್ಚಿದಂತೆ ನನಗೆ ಕಾಣಲಿಲ್ಲ. ಮಂಗಳವಾರ ಮತ್ತೆ ಪರೀಕ್ಷೆಯಾಯಿತು. ವೇಗದ ಆಟಕ್ಕೆಂದೇ ನಾನು ಸೆಕೆಂಡಿಗೆ ನೂರನಲವತ್ನಾಲ್ಕು ಸಲ ಚಿತ್ರ ಬದಲಿಸುವ ಹೊಸ ಮಾನಿಟರ್ ತಂದು ನಾಲ್ಕು ತಿಂಗಳಾಗಿತ್ತು. ತಂದ ದಿನದಿಂದ ಅದರ ಬಗ್ಗೆ ಕಚೇರಿಯಲ್ಲಿ, ಕ್ಷೌರದ ಅಂಗಡಿಯಲ್ಲಿ, ಒಂದು ನಿಶ್ಚಿತಾರ್ಥದಲ್ಲಿ ಕೂಡ ಮಾತಾಡಿದ್ದೆ. ಕಣ್ಣಿಗೆ ಎಷ್ಟು ಹಾಯೆನಿಸುತ್ತದೆ ಎಂದು ಬಣ್ಣಿಸಿದ್ದೆ. ರಫೀಕ ಡಿಸ್ಪ್ಲೇ ಸೆಟ್ಟಿಂಗ್ ತೆಗೆಸಿ ನೋಡಿದರೆ ಅದು ಅರವತ್ತರಲ್ಲೇ ಕುಳಿತಿತ್ತು. ಅದನ್ನು ಕೈಯಾರೆ ಮೇಲೇರಿಸಬೇಕಂತೆ, ಅಂಗಡಿಯವನು ಹೇಳಿರಲಿಲ್ಲ, ನಾನೂ ನೋಡಿರಲಿಲ್ಲ. ನಾಲ್ಕು ತಿಂಗಳು ನಾನು ಬಣ್ಣಿಸಿದ್ದು ಹಳೆಯ ಮಾನಿಟರಿನ ವೇಗವನ್ನೇ. ಪತ್ರಿಕೆಯಲ್ಲಾಗಿದ್ದರೆ ಮರುದಿನ ಎರಡನೇ ಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತಿದ್ದೆ. ಕ್ಷೌರದ ಅಂಗಡಿಗೆ ಅಂಥ ಮೂಲೆಯಿಲ್ಲ, ಹಾಗಾಗಿ ಸುಮ್ಮನಾದೆ.

ಗುರುವಾರ ಬಂತು. ಪರದೆ ಈಗ ಬೋಳಾಗಿತ್ತು, ಚಿತ್ರಗಳು ಎಣ್ಣೆ ಹಚ್ಚಿದಂತೆ ಜಾರುತ್ತಿದ್ದವು. ಆಟ ಶುರುವಾಗಿ ಒಂದು ನಿಮಿಷವೂ ಆಗಿರಲಿಲ್ಲ, ಗೋಡೆಯ ಪಕ್ಕ ಒಬ್ಬ ಮನುಷ್ಯ ಸ್ಪಷ್ಟವಾಗಿ ಕಂಡ. ಅಷ್ಟು ಸ್ಪಷ್ಟವಾಗಿ ನಾನು ಯಾವ ಶತ್ರುವನ್ನೂ ಕಂಡಿರಲಿಲ್ಲ. ನಮ್ಮವರ ತಲೆಯ ಮೇಲೆ ಹಸಿರು ಗುರುತು ಇರುತ್ತದೆ, ಇವನಿಗೆ ಇರಲಿಲ್ಲ. ಆದರೂ ಒಂದು ಮಾತು ಕೇಳಿಬಿಡೋಣ ಎಂದು, “ರಫೀಕ, ಗ್ವಾಡಿ ಬಾಜೂ ಇರಾಂವ ನೀ ಅಲ್ಲ ಹೌದಿಲ್ಲೊ?” ಎಂದೆ. ರಫೀಕ ಅಲ್ಲ ಎನ್ನುವ ಹೊತ್ತಿಗೆ ನಾನು ಸತ್ತಿದ್ದೆ. ನಾನೇ ಮೊದಲು.

ಟೀಚರ್ ಬೈಯಲಿಲ್ಲ. ನನ್ನ ನೋಟ್‌ಬುಕ್ ತೆಗೆದು ಓದಲು ಹೇಳಿದರು. ಆ ನೋಟ್‌ಬುಕ್ ಬಗ್ಗೆ ಅವರಿಗೆ ನಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಪ್ರತಿ ಸಾವನ್ನೂ ದಾಖಲಿಸುವುದು ನನ್ನ ಶಿಸ್ತು: ಎಲ್ಲಿ, ಯಾವಾಗ, ಯಾರಿಂದ, ಕಾರಣ. ಓದುತ್ತ ಹೋದೆ. ಸೇತುವೆಯ ಕೆಳಗೆ, ಕಾರಣ ಮೇಲಿನಂತೆ. ಗೋದಾಮಿನ ಬಾಗಿಲು, ಕಾರಣ ಮೇಲಿನಂತೆ. ಪುಟ ತಿರುವಿದೆ, ಮೇಲಿನಂತೆ. ಹುಲ್ಲು ತೆಗೆದ ಮೇಲಿನ ಎರಡು ದಿನವೂ ಮೇಲಿನಂತೆ. “ಮ್ಯಾಲ ಏನ್ ಐತ್ರಿ ಸರ?” ಎಂದು ಟೀಚರ್ ಕೇಳಿದರು. ನನಗೂ ಮರೆತಿತ್ತು. ಮೊದಲ ಪುಟಕ್ಕೆ ಹೋಗಿ ಓದಿದೆ: ‘ನಮ್ಮವನೋ ಬೇರೆಯವನೋ ಎಂದು ಖಚಿತಪಡಿಸಿಕೊಳ್ಳುವಾಗ.’

ಟೀಚರ್ ಮೆಲ್ಲಗೆ, “ಮಷೀನ್ ಚಲೋ ಐತ್ರಿ ಸರ” ಎಂದರು.

ಇದಕ್ಕೆ ಕಾರಣ ಹಳೆಯದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬರೇ ಒಬ್ಬರ ಮಾತು ನಂಬಿ, ಬದುಕಿದ್ದ ಒಬ್ಬ ಹಿರಿಯರ ನಿಧನ ವಾರ್ತೆ ಹಾಕಿದ್ದೆ. ಮರುದಿನ ಅವರೇ ಕಚೇರಿಗೆ ಬಂದರು. ನಾನು ಎದ್ದು ನಿಂತು ಕೈಮುಗಿದು, ನಾಳೆಯೇ ತಿದ್ದುಪಡಿ ಹಾಕುತ್ತೇವೆ ಎಂದೆ. ಅವರು ಕುಳಿತು ನೀರು ಕುಡಿದು, “ತಿದ್ದುಪಡಿ ಗಡಿಬಿಡಿ ಏನಿಲ್ಲ ತಮ್ಮಾ, ಐದು ಪ್ರತಿ ಕೊಡು. ಯಾರ್ಯಾರು ನನ್ನ ಮಣ್ಣಿಗೆ ಬಂದಿಲ್ಲ ಅವರಿಗೆ ತೋರಸೂದೈತಿ” ಎಂದರು. ಕೊಟ್ಟೆ. ಅಂದಿನಿಂದ ಎರಡು ಬಾಯಿಂದ ಕೇಳದೆ ನಾನು ಯಾರನ್ನೂ ಸಾಯಿಸಿಲ್ಲ. ಪತ್ರಿಕೆಯಲ್ಲಿ ಈ ನಿಯಮದಿಂದ ಎಷ್ಟೋ ಜನ ಉಳಿದರು. ಆಟದಲ್ಲಿಯೂ ಉಳಿದರು, ಆದರೆ ಅವರು ಉಳಿಯಬಾರದಾಗಿತ್ತು.

ರವಿವಾರ ಶಬಾನಾ ಆಡಲು ಹೋದಳು, ನಾನು ಹೆಚ್ಚುವರಿ ಆಟಗಾರನೆಂದು ಬಸ್ಸಿನಲ್ಲಿ ಜೊತೆಗೆ ಹೋದೆ. ಪಂದ್ಯ ಇಟ್ಟಿದ್ದು ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನದ ಮದುವೆಯ ಸೇವಂತಿಗೆ ಮಾಲೆಗಳು ಇನ್ನೂ ಕಂಬಗಳಲ್ಲಿದ್ದವು. ಸಭೆಗೆ ಕಾಣಲೆಂದು ವೇದಿಕೆಯ ಮೇಲೆ ದೊಡ್ಡ ಪರದೆ ಕಟ್ಟಿದ್ದರು. ಆಟದೊಳಗೆ ಬಂದೂಕಿಲ್ಲದೆ ಸುತ್ತಾಡಿ, ಮುಖ್ಯವಾದದ್ದು ಎಲ್ಲಿ ನಡೆಯುತ್ತಿದೆಯೋ ಅದನ್ನು ಆ ಪರದೆಗೆ ತೋರಿಸಲು ಒಬ್ಬ ವೀಕ್ಷಕ ಬೇಕಂತೆ. ಅವನು ಯಾರನ್ನೂ ಹೊಡೆಯುವಂತಿಲ್ಲ, ಅವನನ್ನೂ ಯಾರೂ ಹೊಡೆಯುವಂತಿಲ್ಲ. ಒಪ್ಪಿಕೊಂಡಿದ್ದವನು ಬಂದಿರಲಿಲ್ಲ. ಟೀಚರ್ ಅಂಗಡಿಯ ಮಾಲೀಕರಿಗೆ ನನ್ನನ್ನು ತೋರಿಸಿ, ಈ ಕೆಲಸ ಇವರು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದಾರೆ ಎಂದರು. ಬೇರೆ ಕುರ್ಚಿ ಇಲ್ಲದ್ದರಿಂದ ವರ ಕುಳಿತಿದ್ದ ಕೆಂಪು ಸಿಂಹಾಸನದ ಮೇಲೆಯೇ ನನ್ನನ್ನು ಕೂರಿಸಿದರು. ರಫೀಕ ಕೆಳಗಿನಿಂದ, “ಹಿಂದ ಫಾಲ್ಸ್ ಹಾಕ್ಲೇನ್ರಿ ಸರ?” ಎಂದು ಕೇಳಿದ.

ಹಾಕುವ ಅಗತ್ಯವಿರಲಿಲ್ಲ. ಆ ಕಂಪ್ಯೂಟರಿನಲ್ಲಿ ಎಲ್ಲವೂ ‘ಅತ್ಯುತ್ತಮ’ದಲ್ಲಿತ್ತು. ನೋಡುವವರಿಗಾಗಿ ಇಟ್ಟ ಯಂತ್ರ, ಅದಕ್ಕೆ ಅವಸರವೇನು? ನನ್ನ ಹುಲ್ಲು, ಎಲೆಯ ನೆರಳು, ನೀರು ಎಲ್ಲವೂ ಮರಳಿ ಬಂದಿದ್ದವು. ಸ್ಥಾನ ಹೋದ ದುಃಖವನ್ನು ಹತ್ತು ನಿಮಿಷದಲ್ಲಿ ಮರೆತೆನೆಂದು ಬರೆಯಲು ಸಂಕೋಚವಾಗುತ್ತದೆ, ಆದರೆ ಸತ್ಯ ಅದೇ. ಮೊದಲ ಎರಡು ಪಂದ್ಯಗಳನ್ನು ಚೆನ್ನಾಗಿಯೇ ತೋರಿಸಿದೆ. ‘ವೀಕ್ಷಕರು ಅನುಭವಸ್ಥರು’ ಎಂದು ಮಾಲೀಕರು ಮೈಕಿನಲ್ಲಿ ಹೇಳಿದರು.

ಕೊನೆಯ ಪಂದ್ಯದ ಕೊನೆಯ ಸುತ್ತು. ಟೀಚರೂ ರಫೀಕನೂ ಸತ್ತು, ಶಬಾನಾಳ ಕುರ್ಚಿಯ ಹಿಂದೆ ಬಂದು ನಿಂತಿದ್ದರು. ನಮ್ಮ ಕಡೆ ಶಬಾನಾ ಒಬ್ಬಳು, ಆ ಕಡೆ ಸಂಕೇಶ್ವರದ ಕಾಲೇಜು ಹುಡುಗ ಒಬ್ಬ. ನಾನು ಆಟದೊಳಗೆ ಮೇಲಿನಿಂದ ನೋಡುತ್ತಿದ್ದೆ. ತೊರೆಯ ದಂಡೆಯ ಹುಲ್ಲಿನ ಮೇಲೆ ಒಂದು ನೆರಳು ಸರಿದದ್ದು ಕಂಡಿತು. ಶಬಾನಾಳದೋ, ಹುಡುಗನದೋ? ತಪ್ಪು ತೋರಿಸಬಾರದೆಂದು ಖಚಿತಪಡಿಸಿಕೊಳ್ಳಲು ಕೆಳಗಿಳಿದೆ. ಅದು ಒಂದು ಟೊಂಗೆಯದಾಗಿತ್ತು. ಅಷ್ಟರಲ್ಲಿ ರಫೀಕ ಕಿರುಚಿದ್ದು ಕೇಳಿತು. ಸಭೆಯವರು ಏನಾಯಿತೆಂದು ದೊಡ್ಡ ಪರದೆಯಲ್ಲಿ ಹುಡುಕಿದರು. ಅಲ್ಲಿ ಹುಲ್ಲು ಗಾಳಿಗೆ ಒಂದೊಂದು ಎಸಳಾಗಿ ಅಲ್ಲಾಡುತ್ತಿತ್ತು.

ಶಬಾನಾ ಗೆದ್ದಿದ್ದಳು. ನೂರಾರು ಜನ ಇದ್ದ ಸಭೆಯಲ್ಲಿ ಅದನ್ನು ಕಂಡವರು ಅವಳ ಹಿಂದೆ ನಿಂತಿದ್ದ ಇಬ್ಬರೇ. ಮಾಲೀಕರು ಮೈಕ್ ಹಿಡಿದುಕೊಂಡು ನನ್ನ ಕಡೆ ನೋಡಿದರು. ಶಬಾನಾ ಮಾತ್ರ ನಕ್ಕಳು: “ಇರ್ಲಿ ಬಿಡ್ರಿ ಕಾಕಾ, ಹುಲ್ಲರ ಚೆಂದ ಇತ್ತು.”

ಮರುದಿನದ ಪತ್ರಿಕೆಗೆ ನಾಲ್ಕು ಸಾಲಿನ ಸುದ್ದಿ ಬರೆಯಲು ಕುಳಿತೆ. ಬರೆಯುವ ಮೊದಲು ಟೀಚರಿಗೆ ಫೋನ್ ಮಾಡಿ, ಕೊನೆಯ ಗುಂಡು ಹಾರಿಸಿದ್ದು ಶಬಾನಾಳೇ ಹೌದೇ ಎಂದು ಕೇಳಿದೆ. “ಸರ, ನೀವ ಅಲ್ಲೇ ಇದ್ರಲ್ಲ?” ಎಂದರು. ಇದ್ದೆ ಎಂದೆ. ಆಮೇಲೆ ರಫೀಕನಿಗೂ ಕೇಳಿದೆ, ಎರಡು ಬಾಯಿಂದ ಖಚಿತವಾಯಿತು. ಅವನು ಗೆದ್ದವರ ಚಿತ್ರ ಕಳಿಸಿದ್ದ. ಹಿಂದೆ ಫಾಲ್ಸ್ ಧುಮುಕುತ್ತಿತ್ತು. ಫಾಲ್ಸ್ ಕತ್ತರಿಸಿ ಚಿತ್ರ ಹಾಕಿದೆ.

ಬೆಳಗಿನ ಅಭ್ಯಾಸಕ್ಕೆ ಎದುರಾಳಿ ಬೇಕೆಂದು ನನ್ನನ್ನು ಈಗಲೂ ಕರೆಯುತ್ತಾರೆ, ದಿನದ ಹನ್ನೊಂದಕ್ಕೆ ಮೋಸವಿಲ್ಲ. ಸಂಕೇಶ್ವರದ ರವಿವಾರವನ್ನೂ ನೋಟ್‌ಬುಕ್ಕಿನಲ್ಲಿ ದಾಖಲಿಸಿದ್ದೇನೆ. ಸ್ಥಳ: ತೊರೆಯ ದಂಡೆ. ಸಾವು: ಇಲ್ಲ. ಸುದ್ದಿ: ಕೈತಪ್ಪಿತು. ಕಾರಣ: ಮೇಲಿನಂತೆ.