ನಿಶ್ಶಕ್ತಿಯ ಡ್ರಾಯರು

“ಇವತ್ತಿಂದ ಈ ಮನೇಲಿ ಒಂದು ಸ್ಕ್ರೂ ಕಳೆದುಹೋಗಬೇಕಾದ್ರೂ ನನ್ನ ಅಪ್ಪಣೆ ಬೇಕು” ಎಂದು ರಿಪೇರಿರಾಯ ಹೆಂಡತಿಯ ಮುಂದೆ ಘೋಷಿಸಿದ.

ಹೆಂಡತಿ ಉಪ್ಪಿನ ಡಬ್ಬಿಯಿಂದ ಮೂರು ಕಾಲಿನ ಪುಟ್ಟ ಟ್ರಾನ್ಸಿಸ್ಟರೊಂದನ್ನು ಚಮಚದಲ್ಲಿ ಎತ್ತಿ ಅವನ ಅಂಗೈಗೆ ಹಾಕಿದಳು. “ಇದು ಅಪ್ಪಣೆ ತಗೊಂಡು ಬಂದಿತ್ತಾ?”

ರಿಪೇರಿರಾಯ ಎಂಬುದು ಬೀದಿಯವರು ಇಟ್ಟ ಹೆಸರು. ಕೆಮ್ಮುವ ರೇಡಿಯೊ, ನಿಂತ ಗಡಿಯಾರ, ಮೂಕಾದ ಫೋನು, ಯಾವುದನ್ನು ಕೊಟ್ಟರೂ ಬಿಚ್ಚುತ್ತಾನೆ. ಬಿಚ್ಚುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಮತ್ತೆ ಜೋಡಿಸುವುದು ಮಾತ್ರ ಬಿಡಿಭಾಗ ಸಿಕ್ಕಿದ ಮೇಲಿನ ಮಾತು. ಮಹಡಿಯ ಮೇಲಿನ ಅವನ ಕೋಣೆಯಲ್ಲಿ ಆ ಬಿಡಿಭಾಗಗಳು ಸೋಪಿನ ಡಬ್ಬಿ, ಹಿಡಿ ಮುರಿದ ಕಪ್ಪು, ಜೋಡಿ ಕಳೆದುಕೊಂಡ ಕಾಲುಚೀಲ ಹೀಗೆ ಸಿಕ್ಕ ಸಿಕ್ಕಲ್ಲಿ ಸಂಸಾರ ಹೂಡಿದ್ದವು. ಯಾವುದು ಎಲ್ಲಿದೆ ಎಂಬುದು ತನಗೆ ಚೆನ್ನಾಗಿ ಗೊತ್ತು ಎನ್ನುತ್ತಿದ್ದ. ಅದು ಬಿಡಿಭಾಗಗಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಅದೇ ವಾರ ಪಕ್ಕದ ಬೀದಿಯ ಸಿಹಿಗುಳಿಗೆ ಕೊಡುವ ಹೋಮಿಯೋಪತಿ ಡಾಕ್ಟರು ದವಾಖಾನೆ ಮುಚ್ಚಿ ಸಾಮಾನುಗಳನ್ನು ಮಾರಾಟಕ್ಕಿಟ್ಟರು. ಅದರಲ್ಲಿ ಒಂದು ಮರದ ಬೀರು. ಬೀರುವಿನ ತುಂಬ ಅಂಗೈಯಗಲದ ಡ್ರಾಯರುಗಳು. ಒಂದೊಂದರ ಮೇಲೂ ದಪ್ಪಕ್ಷರದ ಚೀಟಿ, ಚೀಟಿಯ ಮೇಲೆ ರೋಗದ ಹೆಸರು. ರಿಪೇರಿರಾಯ ಚೌಕಾಸಿಗೆ ನಿಂತ. ಬೇಕೇ ಬೇಕು ಅನ್ನುವುದನ್ನು ಮುಖದ ಮೇಲೆ ಬರೆದುಕೊಂಡು ಚೌಕಾಸಿಗೆ ನಿಂತವನಿಗೆ ಆಗಬೇಕಾದ್ದೇ ಆಯಿತು. ಹೇಳಿದ ಬೆಲೆಗೇ ಕೊಂಡು, ಮೇಲೆ ಉಪಕಾರವಾಯಿತು ಎಂದು ಕೈಮುಗಿದು ಬಂದ.

ಮಹಡಿಯ ಕೋಣೆಗೆ ತಂದು ಮೊದಲ ಚೀಟಿಯನ್ನು ಕೀಳಲು ಉಗುರು ತಾಗಿಸಿದಾಗ ಅವನಿಗೆ ಜ್ಞಾನೋದಯವಾಯಿತು. ಯಂತ್ರಕ್ಕೂ ರೋಗವಿಲ್ಲವೇ? ಚೀಟಿಗಳನ್ನು ಯಾಕೆ ಕೀಳಬೇಕು?

ಕೆಟ್ಟಾಗ ಹೊಟ್ಟೆ ಊದಿಸಿಕೊಳ್ಳುವ ಕೆಪಾಸಿಟರುಗಳು ‘ಹೊಟ್ಟೆಯುಬ್ಬರ’ಕ್ಕೆ ಹೋದವು. ಕರೆಂಟು ಜಾಸ್ತಿಯಾದರೆ ಪ್ರಾಣ ಬಿಡುವ ಫ್ಯೂಜುಗಳು ‘ರಕ್ತದೊತ್ತಡ’ಕ್ಕೆ. ರಾತ್ರಿಯೆಲ್ಲ ಮಿಣುಕುವ ಕೆಂಪು ದೀಪಗಳು ‘ನಿದ್ರಾಹೀನತೆ’ಗೆ. ಸ್ವರ ಕಳೆದುಕೊಂಡಿದ್ದ ಹೆಂಡತಿಯ ಫೋನಿನಿಂದ ಬಿಚ್ಚಿದ ಮೈಕು ‘ಗಂಟಲು ಕಟ್ಟುವಿಕೆ’ಗೆ. ಗಡಿಯಾರಕ್ಕೆ ಶಕ್ತಿ ಕೊಡುವ ಪುಟ್ಟ ದುಂಡನೆಯ ಸೆಲ್ಲುಗಳು? ಅವಕ್ಕೆ ‘ನಿಶ್ಶಕ್ತಿ’ಗಿಂತ ಒಳ್ಳೆಯ ಮನೆ ಎಲ್ಲಿದೆ?

“ಹೇಗಿದೆ?” ಎಂದು ಎದೆಯುಬ್ಬಿಸಿ ಕೇಳಿದ.

“ಬೀರು ಚೆನ್ನಾಗಿದೆ. ನಿಮಗೆ ಯಾವ ಡ್ರಾಯರು ಅಂತ ನೋಡ್ತಾ ಇದೀನಿ” ಎಂದಳು ಹೆಂಡತಿ. ಅವಳು ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಳತೆ ತೆಗೆಯುವುದು ಅಭ್ಯಾಸ.

ಕೆಲವು ದಿನ ಸ್ವರ್ಗಸುಖ. ಕೈ ಚಾಚಿದರೆ ಬೇಕಾದ ವಸ್ತು. ರಿಪೇರಿರಾಯ ಬೆಸುಗೆ ಹಾಕುತ್ತ ಸಿಳ್ಳೆ ಹೊಡೆಯತೊಡಗಿದ.

ಹೀಗೆ ಸಿಳ್ಳೆ ಹೊಡೆಯುತ್ತಿದ್ದ ಒಂದು ಬೆಳಿಗ್ಗೆ, ಹೆಂಡತಿ ಕೆಲಸಕ್ಕೆ ಹೋದ ಮೇಲೆ, ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಾಗಿಲಲ್ಲಿ ಮಾವ! ಮಗಳ ಮನೆಯ ಕೆಳಗಿನ ಕೋಣೆಯಲ್ಲಿ ಇರುವವರು, ಊಟದ ಮೇಜಿಗೆ ಬರಲೂ ಎರಡು ಸಲ ನಿಟ್ಟುಸಿರು ಬಿಡುವವರು, ಕಣ್ಣು ಮಂಜಾದವರು, ಒಂದೇ ಉಸಿರಿಗೆ ಮಹಡಿ ಹತ್ತಿದ್ದರು.

“ಅಳಿಯಂದಿರೇ, ಆ ನಿಶ್ಶಕ್ತಿ ಔಷಧಿ ಖಾಲಿಯಾಯ್ತು. ತರಿಸಿಬಿಡಿ.”

ಸಿಳ್ಳೆ ಅರ್ಧಕ್ಕೆ ನಿಂತಿತು. “ಯಾವ ಔಷಧಿ, ಮಾವ?”

“ಅದೇ, ಬೀರೂದು. ನೀವು ಕೆಳಗಿದ್ದಾಗ ಮೆಲ್ಲಗೆ ಹತ್ತಿ ಬಂದು ಬೆಳಿಗ್ಗೆ ಒಂದು, ಸಂಜೆ ಒಂದು ತಗೊಳ್ತಿದ್ದೆ. ನೀವು ನನಗೋಸ್ಕರ ಡಾಕ್ಟರ ಬೀರುವನ್ನೇ ತಂದುಬಿಟ್ರಿ ಅಂತ ಬೀದಿಗೆಲ್ಲ ಹೇಳಿದೀನಿ. ಇಷ್ಟು ದಿನ ನಿಮ್ಮನ್ನ ಕೆಲಸಕ್ಕೆ ಬಾರದವರು ಅಂದ್ಕೊಂಡಿದ್ದೆ. ಮನಸ್ಸಿಗೆ ಹಚ್ಕೋಬೇಡಿ.”

ರಿಪೇರಿರಾಯ ‘ನಿಶ್ಶಕ್ತಿ’ಯನ್ನು ಎಳೆದು ನೋಡಿದ. ಖಾಲಿ. ಹಿಡಿ ತುಂಬ ಸೆಲ್ಲು ಇದ್ದ ಜಾಗದಲ್ಲಿ ಒಂದು ಚೂರು ದೂಳು.

“ಮಾವ, ಅದು ನೋಡೋಕೆ ಹೇಗಿತ್ತು?”

“ದುಂಡಗಿತ್ತು. ಕನ್ನಡಕ ಹಾಕ್ಕೊಂಡು ಔಷಧಿ ನುಂಗೋರು ಯಾರು?”

“ರುಚಿ?”

“ಔಷಧೀನ ಚಪ್ಪರಿಸ್ತಾರೇನ್ರಿ? ಬಿಸಿನೀರಲ್ಲಿ ಗುಟುಕ್ ಅಂತ ನುಂಗಿದೆ. ನಾಲಿಗೆಗೆ ತಣ್ಣಗೆ ತಾಗ್ತಿತ್ತು, ಅಷ್ಟೇ. ಆಮೇಲೆ ನೋಡಿ, ಮೈಯಲ್ಲಿ ಕರೆಂಟು ಹರಿದ ಹಾಗೆ!”

ತಣ್ಣಗೆ. ಲೋಹವಲ್ಲದೆ ಇನ್ನೇನು ತಣ್ಣಗಿರುತ್ತದೆ? ರಿಪೇರಿರಾಯನ ಕೈಕಾಲು ತಣ್ಣಗಾದವು. ಅಂಥ ಒಂದೇ ಸೆಲ್ಲು ಹೊಟ್ಟೆಯೊಳಗೆ ಕೂತು ಸುಡಬಲ್ಲದು ಎಂದು ಪೊಟ್ಟಣದ ಮೇಲೇ ಎಚ್ಚರಿಕೆ ಇತ್ತು. ಇಲ್ಲಿ ಒಂದಲ್ಲ, ಒಂದು ಹಿಡಿ. ಹೆಂಡತಿಗೆ ಹೇಳೋಣವೆಂದರೆ ಅವಳ ಫೋನು ಮೇಜಿನ ಮೇಲೆ ಬಿಚ್ಚಿ ಬಿದ್ದಿತ್ತು, ಅದರ ಗಂಟಲು ಡ್ರಾಯರಿನಲ್ಲಿತ್ತು. ಹೇಳುವುದಾದರೂ ಏನು? ‘ನಿಮ್ಮಪ್ಪನಿಗೆ ಸೆಲ್ಲು ಹಾಕಿದೀನಿ ಕಣೇ’ ಎಂದೇ?

“ಮಾವ, ಚಪ್ಪಲಿ ಹಾಕ್ಕೊಳ್ಳಿ. ಒಂದು ಚೆಕಪ್ ಮಾಡಿಸ್ಕೊಂಡು ಬರೋಣ.”

ಬಾಡಿಗೆ ಕಾರಿನಲ್ಲಿ ಮಾವ ಕಿಟಕಿಯಿಂದ ಬೀದಿಯವರಿಗೆಲ್ಲ ಕೈ ಬೀಸುತ್ತ ಕೂತರು. ಕಾರು ಗುಂಡಿಗೆ ಬಿದ್ದೆದ್ದಾಗಲೆಲ್ಲ ರಿಪೇರಿರಾಯ ಅವರ ಹೊಟ್ಟೆಯ ಕಡೆ ಕಿವಿಗೊಟ್ಟ. ಟಿಕ್ ಟಿಕ್ ಎಂದು ಕೇಳಿಸಿ ಜೀವ ಬಾಯಿಗೆ ಬಂತು. ಆಮೇಲೆ ನೋಡಿದರೆ ಅದು ಅವನದೇ ಕೈಗಡಿಯಾರ.

ಆಸ್ಪತ್ರೆಯಲ್ಲಿ ಮಾವನನ್ನು ಬೆಂಚಿನ ಮೇಲೆ ಕೂರಿಸಿ, ಒಳಗೆ ಹೋಗಿ ಪಿಸುಗುಟ್ಟಿದ.

“ಏನು ನುಂಗಿದಾರೆ?” ಎಂದರು ಡಾಕ್ಟರು.

“ಸೆಲ್ಲು. ಗಡಿಯಾರಕ್ಕೆ ಹಾಕುವಂಥದ್ದು.”

“ಎಷ್ಟು?”

“ಒಂದು ಹಿಡಿ.”

“ಯಾಕೆ?”

“ನಿಶ್ಶಕ್ತಿಗೆ.”

ಡಾಕ್ಟರು ಪೆನ್ನು ಕೆಳಗಿಟ್ಟರು. ಇಬ್ಬರಲ್ಲಿ ಯಾರನ್ನು ಮೊದಲು ಪರೀಕ್ಷೆ ಮಾಡಬೇಕು ಎಂದು ಒಂದು ಗಳಿಗೆ ಯೋಚಿಸಿದಂತಿತ್ತು. ಆಮೇಲೆ ಮುಖ ಗಂಭೀರವಾಗಿ, ನರ್ಸನ್ನು ಕೂಗಿ, ಮಾವನನ್ನು ಎಕ್ಸ್‌ರೇಗೆ ಓಡಿಸಿದರು.

ಬಾಗಿಲು ಮುಚ್ಚಿತು. ರಿಪೇರಿರಾಯ ಗೋಡೆಗೊರಗಿ ನಿಂತ. ಒಳಗಿನಿಂದ ಮಾವನ ದನಿ ಕೇಳುತ್ತಿತ್ತು: “ಔಷಧಿ ಖಾಲಿಯಾಯ್ತು ಅಂದಿದ್ದಕ್ಕೆ ಇಲ್ಲೀವರೆಗೂ ಕರ್ಕೊಂಡು ಬಂದ ನೋಡಮ್ಮ. ಅಳಿಯ ಅಂದ್ರೆ ಹಾಗಿರ್ಬೇಕು.” ರಿಪೇರಿರಾಯ, ಈ ಮನುಷ್ಯ ಮನೆಗೆ ವಾಪಸು ಬರಲಿ, ದಿನಾ ಬೈಯಲಿ, ಬೀರುವನ್ನು ಸೌದೆಗೆ ಒಡೆಯುತ್ತೇನೆ ಎಂದು ಮನಸ್ಸಿನಲ್ಲೇ ಮಾತು ಕೊಟ್ಟ.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದುಕೊಂಡೇ ಹೊರಗೆ ಬಂದರು. “ಏನೂ ಇಲ್ಲ. ಒಂದು ಗುಂಡುಸೂಜಿಯಷ್ಟು ಲೋಹವೂ ಇಲ್ಲ. ಆರೋಗ್ಯವಾಗಿದಾರೆ. ನೀವು ಸ್ವಲ್ಪ ಕೂತ್ಕೊಳ್ಳಿ, ನಿಮ್ಮ ಬಣ್ಣ ಸರಿಯಿಲ್ಲ.”

ಕೂತ. ತಲೆಯ ಮೇಲಿನ ಬಂಡೆ ಇಳಿದಿತ್ತು, ಕಾಲಿನ ನಡುಕ ಮಾತ್ರ ಇಳಿಯಲಿಲ್ಲ. ಮಾವನ ತೋಳು ಹಿಡಿದುಕೊಂಡೇ ಮನೆ ಸೇರಿದ. ನೋಡಿದವರಿಗೆ ಮಾವನೇ ಅಳಿಯನನ್ನು ಆಸ್ಪತ್ರೆಯಿಂದ ಕರೆತಂದಂತಿತ್ತು.

ಸಂಜೆ ಹೆಂಡತಿ ಬಂದಳು. ಅಡುಗೆಮನೆಯಲ್ಲಿ ದನಿ ತಗ್ಗಿಸಿ ಎಲ್ಲವನ್ನೂ ಹೇಳಿದ. ಅವಳು ತರಕಾರಿ ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

“ಸೆಲ್ಲು ನನ್ನ ಗುಂಡಿ ಡಬ್ಬೀಲಿದೆ. ಗುಂಡಿ ಥರ ಇತ್ತು, ಗುಂಡಿ ಜೊತೆ ಹಾಕಿದೆ. ಬೀರು ಬಂದ ಮಾರನೇ ದಿನ ಅಪ್ಪ ಆ ಡ್ರಾಯರು ತಡಕ್ತಾ ಇದ್ರು. ಬೈದ್ರೆ ಮುನಿಸ್ಕೋತಾರೆ. ಅದಕ್ಕೇ ಒಂದು ಪೊಟ್ಟಣ ಪೆಪ್ಪರ್‌ಮೆಂಟು ಸುರಿದಿಟ್ಟೆ.”

ಪೆಪ್ಪರ್‌ಮೆಂಟು. ನಾಲಿಗೆಗೆ ತಣ್ಣಗೆ.

“ನನಗೊಂದು ಮಾತು ಹೇಳೋದಲ್ವೇನೇ?”

“ಹೇಳಿದ್ನಲ್ಲ. ನೀವು ಬೆಸುಗೆ ಹಾಕ್ತಾ ಇದ್ರಿ, ‘ಹೂಂ’ ಅಂದ್ರಿ.”

“ನಾನು ಎಲ್ಲದಕ್ಕೂ ಹೂಂ ಅಂತೀನಿ.”

“ಗೊತ್ತು. ಅದಕ್ಕೇ ಸಂಸಾರ ನಡೀತಾ ಇದೆ.”

“ಅಲ್ವೇ, ಅವರು ಬೇರೆ ಡ್ರಾಯರಿಗೆ ಕೈ ಹಾಕಿದ್ರೆ?”

“ಹಾಕಲ್ಲ. ಅಪ್ಪನಿಗಿರೋದು ಅದೊಂದೇ ಕಾಯಿಲೆ. ಏನಾದ್ರೂ ಕೆಲಸ ಹೇಳಿದಾಗ ಬರುತ್ತೆ.” ಚಾಕು ನಿಂತಿತು. “ನಿಜ ಮಾತ್ರ ಅವರಿಗೆ ಹೇಳ್ಬೇಡಿ. ಮೊದಲ ಸಲ ನಿಮ್ಮನ್ನ ಹೊಗಳ್ತಾ ಇದಾರೆ. ಇಬ್ಬರಿಗೂ ಒಳ್ಳೇದು.”

ರಿಪೇರಿರಾಯ ಬೀರುವನ್ನು ಸೌದೆಗೆ ಒಡೆಯಲಿಲ್ಲ. ಕೊಟ್ಟ ಬೆಲೆ ನೆನಪಾಯಿತು. ಬದಲಿಗೆ ಅವತ್ತೇ ಚೀಟಿಗಳನ್ನೆಲ್ಲ ಕಿತ್ತು, ಬಿಡಿಭಾಗದ ಹೆಸರು ಬರೆದು ಅಂಟಿಸಿ, ಡ್ರಾಯರುಗಳಿಗೆ ಉದ್ದಕ್ಕೂ ಒಂದು ಕಂಬಿ ಹಾಕಿ ಬೀಗ ಜಡಿದ. ತುದಿಯ ‘ನಿಶ್ಶಕ್ತಿ’ ಒಂದನ್ನು ಮಾತ್ರ ಬಿಟ್ಟ. ಹೆಂಡತಿ ಅದಕ್ಕೆ ಹೊಸ ಪೊಟ್ಟಣ ಸುರಿದಳು.

ಕೆಲಸ ಮುಗಿಸಿ ಸ್ಟೂಲಿನ ಮೇಲೆ ಕುಸಿದಾಗಲೂ ಅವನ ಮೊಣಕಾಲು ಅದುರುತ್ತಿತ್ತು. ಮಾವ ದಡದಡ ಹತ್ತಿ ಬಂದವರು ಅದನ್ನು ಕಂಡರು.

“ಏನಿದು ಅಳಿಯಂದಿರೇ, ಈ ವಯಸ್ಸಿಗೇ?” ಎಂದು ಕನಿಕರದಿಂದ ಡ್ರಾಯರು ಎಳೆದು, ದುಂಡನೆಯದೊಂದನ್ನು ಅವನ ಅಂಗೈಯಲ್ಲಿಟ್ಟು, ಬಿಸಿನೀರಿನ ಲೋಟ ಹಿಡಿದು ನಿಂತರು. “ಜಗಿಯೋ ಹಾಗಿಲ್ಲ. ಗುಟುಕ್ ಅಂತ ನುಂಗಬೇಕು.”

ಬಾಗಿಲಲ್ಲಿ ನಿಂತ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ರಿಪೇರಿರಾಯ ಅದನ್ನು ದೀಪಕ್ಕೆ ಹಿಡಿದು, ಬಿಳಿಯದೇ ಎಂದು ಎರಡು ಸಲ ನೋಡಿ, ಕಣ್ಣು ಮುಚ್ಚಿ ನುಂಗಿದ.

ಗಳಿಗೆಯೊಳಗೆ ಮೊಣಕಾಲಿನ ಅದುರು ನಿಂತಿತು. ಅದನ್ನು ಅವನು ಇದುವರೆಗೆ ಹೆಂಡತಿಗೆ ಹೇಳಿಲ್ಲ.