ನನ್ನ ತಮ್ಮನ ರಬ್ಬರ್ ಸ್ಟ್ಯಾಂಪು

ಟಪ್! ಹರಿಹರದ ಆ ಒಂಟಿ ಕೋಣೆಯ ಕ್ಲಿನಿಕ್ಕಿನಿಂದ ನಲವತ್ತು ವರ್ಷ ಕೇಳಿಬಂದ ಸದ್ದು ಇದೊಂದೇ. ಡಾಕ್ಟರಾಗಿದ್ದ ನನ್ನ ತಮ್ಮ ರೋಗಿಗಳನ್ನು ವಾಸಿ ಮಾಡುತ್ತಿರಲಿಲ್ಲ, ರವಾನಿಸುತ್ತಿದ್ದ! ಚೀಟಿಯ ಮೇಲೆ ರಬ್ಬರ್ ಸ್ಟ್ಯಾಂಪು ಬೀಳುತ್ತಿತ್ತು: ‘ಹೆಚ್ಚಿನ ಚಿಕಿತ್ಸೆಗಾಗಿ ದಾವಣಗೆರೆಗೆ.’ ಕೆಮ್ಮಿದರೆ ದಾವಣಗೆರೆ. ಕಾಲಿಗೆ ಮುಳ್ಳು ಚುಚ್ಚಿದರೂ ದಾವಣಗೆರೆ!

“ಅಕ್ಕಾರೆ, ನಿಮ್ಮ ತಮ್ಮ ಡಾಕ್ಟರ್ರೋ, ಬಸ್ ಏಜೆಂಟ್ರೋ?” ಎಂದು ಪಕ್ಕದ ಅಂಗಡಿಯ ಟೈಲರ್ ಸಾಹೇಬರು ಒಮ್ಮೆ ಕೇಳಿದರು. “ನೆಗಡಿ ಅಂತ ಹೋದ್ರೆ ಟಿಕೆಟ್ ಕೊಟ್ಟು ಕಳಿಸ್ತಾರಲ್ರಿ!”

ಮದುವೆಯ ರಿಸ್ಕನ್ನೂ ತೆಗೆದುಕೊಳ್ಳದ ಪ್ರಾಣಿ ಅದು. ಭಾನುವಾರ ದಾವಣಗೆರೆಯ ಸರಸ್ವತಿ ನಗರದ ನಮ್ಮ ಮನೆಗೆ ಊಟಕ್ಕೆ ಬಂದಾಗ, “ಮೊಸರು ಹುಳಿ ಐತೇನೋ?” ಎಂದರೆ ಎರಡು ಚಮಚ ತಿಂದು, ಯೋಚಿಸಿ, “ಫಿಫ್ಟಿ-ಫಿಫ್ಟಿ ಅಕ್ಕಾ” ಎನ್ನುತ್ತಿದ್ದ. ನಾನು ಓದಿದ ಕಾನ್ವೆಂಟಿನಲ್ಲಿ ಪಾಠ ಹೇಳುವ ಸಿಸ್ಟರ್ ‘ಪರ್‌ಹ್ಯಾಪ್ಸ್’ ಅಂದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಇವನು ಅಲ್ಲಿ ಓದಿದ್ದರೆ ಕೂತುಕೊಳ್ಳುವುದೇ ಮರೆತುಹೋಗುತ್ತಿತ್ತು!

ಹುಟ್ಟಾ ಪುಕ್ಕಲನೇನಲ್ಲ. ಹೊಸದಾಗಿ ಬೋರ್ಡು ಹಾಕಿದಾಗ ಕೊಕ್ಕನೂರಿನಿಂದ ಒಬ್ಬ ಎದೆ ಉರಿ ಎಂದು ಬಂದಿದ್ದನಂತೆ. “ಗ್ಯಾಸ್ ಅಷ್ಟೇ, ಆರಾಮಾಗಿ ಹೋಗು” ಎಂದು ಬೆನ್ನು ತಟ್ಟಿ ಕಳಿಸಿದ. ಆತ ಊರು ಮುಟ್ಟಲಿಲ್ಲ. ಮರುವಾರವೇ ತಮ್ಮ ಸ್ಟ್ಯಾಂಪು ಮಾಡಿಸಿದ.

ನಕ್ಕೆವು, ನಕ್ಕೆವು, ನಗು ನಮ್ಮ ಮನೆ ಬಾಗಿಲಿಗೇ ಬಂತು. ನಮ್ಮ ಯಜಮಾನರ ಹೃದಯದ ವಾಲ್ವ್ ಕೆಟ್ಟಿತು. ವಯಸ್ಸು ಎಪ್ಪತ್ತೆಂಟು. ದಾವಣಗೆರೆಯ ಸರ್ಜನ್ ತಮ್ಮನಿಗೆ ತದ್ವಿರುದ್ಧ. ಅನುಮಾನ ಎಂಬುದು ಆ ಮನುಷ್ಯನ ಹತ್ತಿರವೂ ಸುಳಿದಿರಲಿಲ್ಲ. “ನಥಿಂಗ್ ಟು ವರಿ, ಆಂಟಿ! ಆಪರೇಶನ್ ಆದ ವಾರದೊಳಗೆ ವಾಕಿಂಗ್ ಹೋಗ್ತಾರೆ.”

ನಾನು ಫೈಲು ಹಿಡಿದು ಹರಿಹರಕ್ಕೆ ಓಡಿದೆ.

“ಒಂದೇ ಮಾತು ಹೇಳೋ. ಮಾಡಿಸಲೋ, ಬ್ಯಾಡೋ?”

ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿದ. “ಫಿಫ್ಟಿ-ಫಿಫ್ಟಿ ಅಕ್ಕಾ.”

“ನಿನ್ನ ಎಂಬಿಬಿಎಸ್ ತಗೊಂಡೋಗಿ ಹೊಳೆಗೆ ಹಾಕು!” ಎಂದು ಬೈದು ಬಂದು, ಆಪರೇಶನ್ ಕಾಗದಕ್ಕೆ ಸಹಿ ಮಾಡಿಬಿಟ್ಟೆ.

ಯಜಮಾನರು ವಾರದೊಳಗೆ ಮನೆಗೆ ಬಂದದ್ದು ನಿಜ. ನಡೆದುಕೊಂಡಲ್ಲ, ಆಂಬ್ಯುಲೆನ್ಸಿನಲ್ಲಿ, ಬಿಳಿ ಬಟ್ಟೆ ಹೊದ್ದು. “ವೆರಿ ರೇರ್ ಕಾಂಪ್ಲಿಕೇಶನ್, ಆಂಟಿ” ಎಂದರು ಸರ್ಜನ್. ಅವರಿಗೆ ರೇರ್. ನನಗೆ ಇದ್ದದ್ದೇ ಒಬ್ಬ ಗಂಡ! ವಿಚಿತ್ರ ನೋಡಿ, ಧೈರ್ಯ ಹೇಳಿದ ಸರ್ಜನ್ನನ್ನು ನಾನು ಬೈಯಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದ ತಮ್ಮನ ಜೊತೆ ಎರಡು ವರ್ಷ ಮಾತು ಬಿಟ್ಟೆ. ಭಾನುವಾರದ ಊಟವೂ ನಿಂತಿತು.

ಹೋದ ವರ್ಷ ಅವನದೇ ಕರುಳಿನಲ್ಲಿ ಗಡ್ಡೆ. ದಾವಣಗೆರೆಯದೇ ಇನ್ನೊಂದು ಆಸ್ಪತ್ರೆ. ಹೆಂಡತಿ ಮಕ್ಕಳಿಲ್ಲದವನ ಕಾಗದಕ್ಕೆ ಸಹಿ ಹಾಕಲು ನನಗೇ ಕರೆ ಬಂತು. ಹಸಿರು ಗೌನು ತೊಡಿಸಿ ಸ್ಟ್ರೆಚರ್ ಮೇಲೆ ಮಲಗಿಸಿದ್ದರು. ಕನ್ನಡಕವಿಲ್ಲದ ಮುಖ ಶಾಲೆಗೆ ಹೊರಟ ಹುಡುಗನ ಹಾಗಿತ್ತು.

“ಅಕ್ಕಾ, ಒಂದೇ ಮಾತು ಹೇಳು. ಮಾಡಿಸ್ಕೊಳ್ಲೋ, ಬ್ಯಾಡೋ?”

ಏನೂ ಆಗಲ್ಲ ಅನ್ನಬೇಕೆಂದು ಬಾಯಿ ತೆರೆದೆ. ಬಾಯಿಂದ ಬಂದದ್ದು ಮಾತ್ರ, “ಫಿಫ್ಟಿ-ಫಿಫ್ಟಿ ಕಣೋ.”

ನಕ್ಕುಬಿಟ್ಟ! ಎರಡು ವರ್ಷದ ಮೇಲೆ ಕಂಡ ನಗು. “ಈಗ ನೀನೂ ಡಾಕ್ಟರಾದೆ ಬಿಡು” ಎಂದ. ಆಮೇಲೆ ನನ್ನ ಅಂಗೈಯನ್ನು ಎಳೆದುಕೊಂಡು, ತನ್ನ ಮುಷ್ಟಿ ಕಟ್ಟಿ, ಅದರ ಮೇಲೆ ಮೆತ್ತಗೆ ಒತ್ತಿ, ಬಾಯಲ್ಲೇ “ಟಪ್” ಎಂದ.

ಸ್ಟ್ರೆಚರ್ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಅವನು ಉಸಿರಾಡುವುದನ್ನು ನಾನು ಕಂಡದ್ದು ಅದೇ ಕಡೆಯ ಸಲ. ಅಂಗೈ ತೆರೆದುಕೊಂಡೇ ಎಷ್ಟೋ ಹೊತ್ತು ಅಲ್ಲಿ ನಿಂತಿದ್ದೆ.